ವಾದ ಒಂದು, ವಾದ ಎರಡು, ಗುಬ್ಬಿ ಬಸ್‌ಸ್ಟ್ಯಾಂಡು

ನನ್ನನ್ನು ಬೆಚ್ಚಿಬೀಳಿಸುವುದಕ್ಕೆಂದೇ ಕೆಲವರು ಬೆಳಗ್ಗೆ ಎದ್ದು, ತಲೆ ಬಾಚಿಕೊಂಡು, ಬಸ್ಸು ಹತ್ತಿ ಬರುತ್ತಾರೆ ಅನ್ನುವುದು ನನ್ನ ಬಹುದಿನದ ಅನುಮಾನ. ಒಂದೆರಡು ಸಲ ಆದರೆ ಗ್ರಹಚಾರ ಅಂತ ಸುಮ್ಮನಾಗಬಹುದು. ವರ್ಷಗಟ್ಟಲೆ ಆದರೆ ಏನು ಮಾಡುವುದು? ಅದಕ್ಕೇ ಬರೆದಿಡುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ತುಮಕೂರಿನ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಬೋಲ್ಟುಗಳ ಅಳತೆ ನೋಡುವ ಕೆಲಸದಲ್ಲಿದ್ದೆ. ಗೇಜಿನಲ್ಲಿ ಕೂತರೆ ಪಾಸು, ಕೂರದಿದ್ದರೆ ರಿಜೆಕ್ಟು, ನಡುವೆ ಮಾತಿಲ್ಲ. ಮೊದಲನೇ ಶಿಫ್ಟು ಮುಗಿಸಿ ಸಂಜೆ ಬಟವಾಡಿಯ ಒಂದು ಟ್ಯುಟೋರಿಯಲ್‌ನಲ್ಲಿ ರೀಸನಿಂಗ್ ಪಾಠ ಮಾಡುತ್ತಿದ್ದೆ. ಕೆಳಗೆ ಹಲ್ಲಿನ ಕ್ಲಿನಿಕ್ಕು, ಮೇಲೆ ನಾವು. ರೈಲ್ವೆ, ಬ್ಯಾಂಕು, ಸರ್ಕಾರಿ ಗುಮಾಸ್ತಿಕೆ ಅಂತ ಪರೀಕ್ಷೆ ಕಟ್ಟಿದವರು ಇಪ್ಪತ್ತೈದು ಮೂವತ್ತು ಜನ ಆರು ಬೆಂಚಿನ ಮೇಲೆ ಒತ್ತಿಕೊಂಡು ಕೂರುತ್ತಿದ್ದರು.

ನನ್ನ ಪಾಲಿಗೆ ಬಂದದ್ದು ವಾದಗಳ ಪ್ರಶ್ನೆ. ಯಾರೋ ಏನೋ ಹೇಳುತ್ತಾರೆ, ಇನ್ಯಾರೋ ಅದಕ್ಕೆ ಉತ್ತರ ಕೊಡುತ್ತಾರೆ. ವಾದ ಬಲವಾದದ್ದೋ ಬಲಹೀನವೋ, ಗೆಲ್ಲಲು ಹಿಡಿದ ವಿಧಾನ ಯಾವುದು, ಅದನ್ನು ಕಂಡುಹಿಡಿಯಬೇಕು. ಉದಾಹರಣೆ ಕೊಟ್ಟರಾ, ಮಾತು ಬಿಟ್ಟು ಆಳನ್ನೇ ಹಿಡಿದುಕೊಂಡರಾ, ಇರುವುದು ಎರಡೇ ದಾರಿ ಅಂತ ಹೆದರಿಸಿದರಾ, ದೊಡ್ಡವರ ಹೆಸರು ಹೇಳಿ ಬಾಯಿ ಮುಚ್ಚಿಸಿದರಾ, ಹೀಗೆ. ಬೋಲ್ಟಿನ ಹಾಗೇ ಮಾತಿಗೂ ಒಂದು ಗೇಜು ಇದೆ, ಅದನ್ನು ಕಲಿಸಿಬಿಟ್ಟರೆ ಜನ ಜಗಳವಾಡುವುದನ್ನೇ ಬಿಡುತ್ತಾರೆ ಅಂತ ನಾನು ಮನಸಾರೆ ನಂಬಿದ್ದೆ. ಆಗ ನನಗೆ ಮೂವತ್ತನಾಲ್ಕು ವರ್ಷ. ಅಷ್ಟೊಂದು ನಂಬುವ ವಯಸ್ಸಾಗಿರಲಿಲ್ಲ.

೧. ಹೇಳಿದೋರು ಯಾರು?

ಮೊದಲನೇ ದಿನವೇ ಬೋರ್ಡಿನ ಮೇಲೆ ಸುಲಭದ ಪ್ರಶ್ನೆ ಬರೆದೆ. ಶಾಲೆಗಳಲ್ಲಿ ಹೋಂವರ್ಕ್ ನಿಲ್ಲಿಸಬೇಕೇ? ವಾದ ಒಂದು: ಹೌದು, ಮಕ್ಕಳಿಗೆ ಆಟಕ್ಕೆ ಹೊತ್ತೇ ಸಿಗುವುದಿಲ್ಲ. ವಾದ ಎರಡು: ಇಲ್ಲ, ಪಕ್ಕದ ಊರಿನ ಶಾಲೆಯಲ್ಲೂ ಕೊಡುತ್ತಾರೆ. ಯಾವುದು ಬಲವಾದದ್ದು?

ಕ್ಲಾಸು ಬೋರ್ಡನ್ನೇ ನೋಡುತ್ತಾ ಕೂತಿತ್ತು. ಕೊನೆಗೆ ಕುಣಿಗಲ್‌ನಿಂದ ಬರುತ್ತಿದ್ದ ಒಬ್ಬ ಗಡ್ಡದ ಪದವೀಧರ ಎದ್ದು ನಿಂತ. ಪ್ರಶ್ನೆ ಪೂರ್ತಿಯಾಗಿಲ್ಲ ಅಂದ. ಏನು ಕಮ್ಮಿಯಾಗಿದೆಯಪ್ಪಾ ಅಂತ ಕೇಳಿದೆ.

"ಹೇಳಿದೋರು ಯಾರು ಅಂತಾನೇ ಇಲ್ವಲ್ಲ ಸಾರ್."

ಯಾರು ಹೇಳಿದರೆ ಏನು, ವಾದ ನೋಡು ಅಂದೆ. ಅವನು ಒಪ್ಪಲಿಲ್ಲ. ದೊಡ್ಡವರು ಹೇಳಿದ್ದರೆ ಬಲವಾದದ್ದು, ಚಿಕ್ಕವರು ಹೇಳಿದ್ದರೆ ಬಲಹೀನ, ಅಳಿಯ ಹೇಳಿದ್ದರೆ ಮನೆಯವರನ್ನು ಕೇಳಿ ಹೇಳಬೇಕಾಗುತ್ತದೆ ಅಂತ ಗಂಭೀರವಾಗಿ ವಿವರಿಸಿದ. ನಗುತ್ತಾರೇನೋ ಅಂತ ಉಳಿದವರ ಮುಖ ನೋಡಿದರೆ, ಅವರೆಲ್ಲ ಹೌದು ಹೌದು ಅಂತ ತಲೆಯಾಡಿಸುತ್ತಿದ್ದರು. ನನಗೆ ಕೈಯಲ್ಲಿದ್ದ ಸೀಮೆಸುಣ್ಣ ಎಲ್ಲಿಡಬೇಕೋ ತೋಚಲಿಲ್ಲ. ಇದನ್ನು ಯಾರೂ ಹೇಳಿಲ್ಲ ಕಣ್ರಪ್ಪಾ, ಪುಸ್ತಕದಲ್ಲಿ ಅಚ್ಚಾಗಿದೆ ಅಷ್ಟೇ ಅಂತ ಕೂಗಿಕೊಂಡೆ.

ಕ್ಲಾಸಿಗೆ ಸಮಾಧಾನವಾಯಿತು. "ಬುಕ್ಕಲ್ಲೇ ಐತಾ? ಹಂಗಾದ್ರೆ ಎರಡೂ ಸ್ಟ್ರಾಂಗೇ ಬುಡಿ ಸಾರ್" ಅಂತ ಹೇಳಿ ಅವನು ಕೂತ.

೨. ಆಮೇಲೆ ಮಾತಾಡೇ ಇಲ್ವಲ್ಲ

ಮೊದಲ ಬೆಂಚಿನ ತುದಿಯಲ್ಲಿ ಗುಬ್ಬಿಯ ಒಬ್ಬ ಹುಡುಗಿ ಕೂರುತ್ತಿದ್ದಳು. ಬಿಎಸ್ಸಿ ಆಗಿತ್ತು. ಲೆಕ್ಕದಲ್ಲಿ ಚುರುಕು, ನನಗಿಂತ ಮೊದಲೇ ಉತ್ತರ ಹೇಳುವಳು. ಆದರೆ ಎರಡು ಸಲ ಪರೀಕ್ಷೆ ಬರೆದು ಎರಡು ಸಲವೂ ಬಿದ್ದಿದ್ದಳು. ಈಗ ಬರೆಯಲಿದ್ದದ್ದು ರೈಲ್ವೆಯ ಟಿಕೆಟ್ ಗುಮಾಸ್ತೆ ಕೆಲಸಕ್ಕೆ, ಮೂರನೆಯ ಸಲ. ಇದು ಕೊನೆಯದು ಅಂತ ಅವಳ ಅಪ್ಪ ಹೇಳಿಬಿಟ್ಟಿದ್ದರು. ಪಾಸಾಗದಿದ್ದರೆ ಪುಸ್ತಕ ಅಟ್ಟಕ್ಕೆ, ಅವಳು ಕುಣಿಗಲ್‌ಗೆ. ಅಲ್ಲಿನ ಒಂದು ಬಟ್ಟೆ ಅಂಗಡಿಯವರ ಮನೆಗೆ ಫೋಟೋ ಆಗಲೇ ಹೋಗಿತ್ತು.

ಅಪ್ಪ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ಸುಗಳ ಏಜೆಂಟು. ಕೂಗಿ ಕೂಗಿ ಜನರನ್ನು ಬಸ್ಸಿಗೆ ಹತ್ತಿಸುವ ಕೆಲಸ. ಅವರು ಮಾತು ಶುರುಮಾಡಿದರೆ ತಿಪಟೂರಿಗೆ ಹೊರಟವನೂ ತುಮಕೂರು ಬಸ್ಸಿನಲ್ಲಿ ಕೂತಿರುತ್ತಾನೆ ಅಂತ ಅವಳೇ ಒಮ್ಮೆ ಹೇಳಿದ್ದಳು. ನಾನು ಅದನ್ನು ತಮಾಷೆ ಅಂದುಕೊಂಡಿದ್ದೆ.

ಇಷ್ಟು ಬುದ್ಧಿಯಿರುವವಳು ಎಲ್ಲಿ ಬೀಳುತ್ತಾಳೆ ಅಂತ ಅವಳ ಮಾದರಿ ಪರೀಕ್ಷೆಯ ಹಾಳೆ ತೆಗೆದು ನೋಡಿ ಗಾಬರಿಯಾದೆ. ವಾದದ ಹತ್ತು ಪ್ರಶ್ನೆಗಳಿಗೂ ಒಂದೇ ಉತ್ತರ ಗುರುತು ಹಾಕಿದ್ದಳು: ಎರಡನೆಯವರು ಮೊದಲಿನವರ ವಾದವನ್ನು ಪೂರ್ತಿ ಉರುಳಿಸಿದ್ದಾರೆ. ಒಂದು ಪ್ರಶ್ನೆಯಲ್ಲಿ ಮೊದಲಿನವರು, ಚರಂಡಿ ಇಲ್ಲದ್ದರಿಂದ ರಸ್ತೆ ಹಾಳಾಗುತ್ತಿದೆ, ಚರಂಡಿ ಮಾಡಿಸಿ ಅನ್ನುತ್ತಾರೆ. ಎರಡನೆಯವರು, ನೀನೇನು ಇಂಜಿನಿಯರಾ ಅನ್ನುತ್ತಾರೆ. ಮಾತು ಬಿಟ್ಟು ಆಳನ್ನು ಹಿಡಿದುಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಾ? ಇದರಲ್ಲಿ ಎರಡನೆಯವರು ಗೆದ್ದದ್ದು ಎಲ್ಲಿ ಅಂತ ಕೇಳಿದೆ.

"ಆಮೇಲೆ ಮೊದಲ್ನೇಯೋರು ಮಾತಾಡೇ ಇಲ್ವಲ್ಲ ಸಾರ್."

ಅವರ ಮನೆಯಲ್ಲಿ ಅಮ್ಮ ಒಂದು ಹೇಳುತ್ತಾರೆ, ಇವಳು ಒಂದು ಹೇಳುತ್ತಾಳೆ, ಕೊನೆಗೆ ಅಪ್ಪ ಒಂದು ಹೇಳುತ್ತಾರೆ. ಅಲ್ಲಿಗೆ ತಟ್ಟೆ ಎತ್ತಿಡುವುದು. ಇಪ್ಪತ್ತನಾಲ್ಕು ವರ್ಷ ಅದನ್ನೇ ನೋಡಿಕೊಂಡು ಬೆಳೆದವಳಿಗೆ, ಕೊನೆಗೆ ಮಾತಾಡಿದವರು ಸೋತಿರಬಹುದು ಅನ್ನುವುದು ಹೊಳೆದೇ ಇರಲಿಲ್ಲ. ಅದು ಹಾಗಲ್ಲಮ್ಮಾ, ಪ್ರಶ್ನೆಪತ್ರಿಕೆಯಲ್ಲಿ ಮೊದಲಿನವರಿಗೆ ಮತ್ತೆ ಮಾತಾಡಲು ಜಾಗ ಇರುವುದಿಲ್ಲ, ಅದಕ್ಕೇ ಸುಮ್ಮನಿದ್ದಾರೆ ಅಂದೆ.

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ನಮ್ಮನೇಲೂ ಇರಲ್ಲ ಸಾರ್."

೩. ಉಪ್ಪಿನ ವಿಚಾರ

ಈ ರೋಗಕ್ಕೆ ಒಂದು ಔಷಧ ಮಾಡಿದೆ. ಪ್ರತಿ ಶನಿವಾರ ಎಲ್ಲರೂ ಮನೆಯಲ್ಲೋ ರಸ್ತೆಯಲ್ಲೋ ಕೇಳಿದ ಒಂದು ವಾದವನ್ನು ಚೀಟಿಯಲ್ಲಿ ಬರೆದು ತರಬೇಕು. ಹೆಸರು ಬೇಡ, ಮೊದಲಿನವರು ಎರಡನೆಯವರು ಅಂದರೆ ಸಾಕು. ಒಂದು ಚೀಟಿ ಎತ್ತಿ ಬೋರ್ಡಿನ ಮೇಲೆ ಬರೆಯುವುದು, ಎಲ್ಲರೂ ಸೇರಿ ಅದರ ವಿಧಾನ ಕಂಡುಹಿಡಿಯುವುದು.

ಮೊದಲ ಶನಿವಾರದ ಚೀಟಿಯನ್ನು ಓದಿಕೊಳ್ಳುತ್ತಲೇ ಬೋರ್ಡಿಗೆ ಇಳಿಸಿದೆ. "ಮೊದಲಿನವರು: ಸಾರಿಗೆ ಉಪ್ಪು ಕಮ್ಮಿಯಾಗಿದೆ. ಎರಡನೆಯವರು: ನಿಮ್ಮಮ್ಮ ಮಾಡಿದಾಗ ಹೀಗೆ ಬಾಯಿ ತೆಗೀತಿದ್ರಾ?" ಅಲ್ಲಿಗೆ ನನ್ನ ಕೈ ನಿಂತಿತು. ಬುಧವಾರ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ನಡೆದ ಮಾತು ಅದು, ಅಕ್ಷರ ಅಕ್ಷರವೂ ಅದೇ. ತಿರುಗಿ ನೋಡಿದರೆ ಇಡೀ ಕ್ಲಾಸು ಪೆನ್ನು ಹಿಡಿದು ಕಾಯುತ್ತಿದೆ.

ಚರ್ಚೆಯೂ ಆಯಿತು. ಎರಡನೆಯವರು ಉಪ್ಪಿನ ಮಾತೇ ಎತ್ತಿಲ್ಲ, ವಿಷಯ ತಪ್ಪಿಸಿದ್ದಾರೆ ಅಂತ ಗುಬ್ಬಿ ಹುಡುಗಿ ಸರಿಯಾಗಿ ಹೇಳಿದಳು. ಔಷಧ ಕೆಲಸ ಮಾಡುತ್ತಿದೆ ಅಂತ ಖುಷಿಪಡುವ ಹೊತ್ತಿಗೆ ಕುಣಿಗಲ್ ಗಡ್ಡದವನು ಎದ್ದು, ಅದೇನೋ ಸರಿ ಸಾರ್, ಆದರೆ ಆ ಮೊದಲಿನವರು ಹೆಂಡತಿಗೆ ಹೆದರುವ ಪೈಕಿ ಅನ್ನುವುದೂ ಗೊತ್ತಾಗುತ್ತದೆ ಅಂದ. ಗಂಡ ಹೆಂಡತಿ ಅಂತ ಚೀಟಿಯಲ್ಲಿ ಇಲ್ಲವೇ ಇಲ್ಲ, ಇಲ್ಲದ್ದನ್ನು ಊಹಿಸಬಾರದು ಅಂತ ನಾನು ಗದರಿದೆ. ಗದರಿದ್ದು ಜೋರಾಯಿತೇನೋ, ಇಬ್ಬರು ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮನೆಗೆ ಬಂದು ವಿಚಾರಿಸಿದರೆ ಚೀಟಿ ಬರೆದದ್ದು ನನ್ನ ಹೆಂಡತಿಯೇ. ಗುಬ್ಬಿ ಹುಡುಗಿ ಡೌಟು ಕೇಳಲು ನಮ್ಮ ಮನೆಗೆ ಬರುತ್ತಿದ್ದಳು, ಅವಳ ಕೈಯಲ್ಲಿ ಕೊಟ್ಟು ಕಳಿಸಿದ್ದಳು. ನಾಚಿಕೆಯಾಗುವುದಿಲ್ಲವಾ ಅಂತ ಕೇಳಿದೆ. ಯಾರು ಗೆದ್ದರು ಅಂತ ಅವಳು ಕೇಳಿದಳು. ನಿನ್ನ ವಿಧಾನ ತಪ್ಪು ಅಂತ ಇಡೀ ಕ್ಲಾಸು ಒಪ್ಪಿದೆ ಅಂತ ಎದೆಯುಬ್ಬಿಸಿ ಹೇಳಿದೆ.

"ಸರಿ ರೀ," ಅಂದಳು. "ಆಮೇಲೆ ಆ ಮೊದಲಿನವರು ಏನಾದ್ರೂ ಮಾತಾಡಿದ್ರಾ?"

೪. ಹಲ್ಲಿನ ಡಾಕ್ಟರ ಉತ್ತರ

ಒಂದು ದಿನ ಪಾಠದ ನಡುವೆ ಕೆಳಗಿನ ಹಲ್ಲಿನ ಡಾಕ್ಟರು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಹಲ್ಲು ಕೀಳುವ ಇಕ್ಕಳ. ಮಹಾ ಸೌಮ್ಯ ಮನುಷ್ಯ. ಅವರು ಹಾಗೆ ನಿಂತದ್ದು ನೋಡಿ ನಾನು ಬೋರ್ಡಿಗೆ ಒರಗಿಕೊಂಡೆ.

ಆದದ್ದೇನೆಂದರೆ, ಕ್ಲಾಸಿಗೆ ಬೇಗ ಬಂದ ಗುಬ್ಬಿ ಹುಡುಗಿ ಕೆಳಗೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಪುಸ್ತಕ ಓದುತ್ತಿದ್ದಳು. ಒಳಗೆ ಡಾಕ್ಟರು ಒಬ್ಬ ಯಜಮಾನರಿಗೆ, ಇವತ್ತು ಈ ಹಲ್ಲು ತೆಗೆಸದಿದ್ದರೆ ನಾಳೆ ಪಕ್ಕದ್ದು ಹೋಗುತ್ತದೆ, ಆಮೇಲೆ ದವಡೆ ಊದುತ್ತದೆ ಅಂತ ಹೇಳುತ್ತಿದ್ದರು. ಆ ಯಜಮಾನರು ಎರಡು ನಿಮಿಷ ಯೋಚಿಸುತ್ತೇನೆ ಅಂತ ಹೊರಗೆ ಬಂದು ಇವಳ ಪಕ್ಕ ಕೂತಿದ್ದಾರೆ. ಏನವ್ವ ಮಾಡಲಿ ಅಂತ ಇವಳನ್ನೇ ಕೇಳಿದ್ದಾರೆ. ಇವಳು ಹಿಂದಿನ ದಿನವಷ್ಟೇ ಕಲಿತಿದ್ದಳು. ಒಂದಾದರೆ ಇನ್ನೊಂದು, ಅದಾದರೆ ಮತ್ತೊಂದು ಅಂತ ಸರಪಳಿ ಹಾಕಿ ಹೆದರಿಸುವುದು ಬಲಹೀನ ವಾದ, ನಮ್ಮ ಸಾರ್ ಹೇಳಿದ್ದಾರೆ ಅಂದಿದ್ದಾಳೆ. ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಸೀದಾ ಮನೆಗೆ ಹೋಗಿದ್ದಾರೆ.

ನಾನು ಡಾಕ್ಟರ ಕೈ ಹಿಡಿದು, ಅಂದರೆ ಇಕ್ಕಳವಿಲ್ಲದ ಕೈ ಹಿಡಿದು, ಕ್ಷಮೆ ಕೇಳಿದೆ. ಸರಪಳಿಯ ಪ್ರತಿ ಕೊಂಡಿಗೂ ಸರಿಯಾದ ಕಾರಣವಿದ್ದರೆ ಅದು ಬಲವಾದ ವಾದವೇ ಅಂತ ಅಂದೇ ಇಡೀ ಕ್ಲಾಸಿಗೆ ಮತ್ತೊಮ್ಮೆ ಪಾಠ ಮಾಡಿದೆ.

ನಾಲ್ಕು ದಿನ ಬಿಟ್ಟು ಡಾಕ್ಟರು ಮತ್ತೆ ಬಂದರು. ಈ ಸಲ ಜೊತೆಯಲ್ಲಿ ಆ ಯಜಮಾನರೂ ಇದ್ದರು. ಒಂದು ಕೆನ್ನೆ ಬನ್ನಿನಂತೆ ಊದಿತ್ತು. ಡಾಕ್ಟರು ಒಂದೂ ಮಾತಾಡದೆ ಅವರನ್ನು ಕ್ಲಾಸಿನ ಮುಂದೆ ನಿಲ್ಲಿಸಿ, ಬೆಳಕಿನ ಕಡೆಗೆ ಮುಖ ತಿರುಗಿಸಿ, ಎಲ್ಲರಿಗೂ ತೋರಿಸಿ, ವಾಪಸು ಕರೆದುಕೊಂಡು ಹೋದರು.

ಕುಣಿಗಲ್ ಗಡ್ಡದವನು ಪೆನ್ನು ಕೆಳಗಿಟ್ಟು ಹೇಳಿದ: "ವಿಧಾನ ಒಂದು ಸಾರ್. ಉದಾಹರಣೆ ಕೊಟ್ಟು ಸಮರ್ಥಿಸುವುದು."

೫. ಕಿಟಕಿ ಪಕ್ಕದ ಸೀಟು

ರೈಲ್ವೆ ಪರೀಕ್ಷೆಯ ತಾರೀಖು ಬಂತು. ಒಂದು ಭಾನುವಾರ, ತುಮಕೂರಿನಲ್ಲೇ ಸೆಂಟರು. ಅದೇ ಭಾನುವಾರ ಹೆಣ್ಣು ನೋಡಲು ಕುಣಿಗಲ್‌ನವರು ಗುಬ್ಬಿಗೆ ಬರುವುದೆಂದು ಅವಳ ಅಪ್ಪ ಗೊತ್ತುಮಾಡಿದ್ದರು. ಮಾರನೇ ವಾರದಿಂದ ಆಷಾಢ, ಆಮೇಲೆ ಒಂದು ತಿಂಗಳು ಯಾರೂ ಹೆಣ್ಣು ನೋಡುವುದಿಲ್ಲ. ಪರೀಕ್ಷೆ ಬೇಡ ಅಂತ ಅಪ್ಪ ಹೇಳಿದ್ದೇ ಕೊನೆಯ ಮಾತಾಗಿ, ತಟ್ಟೆಗಳೂ ಎದ್ದಿದ್ದವು. ಅವಳು ಕ್ಲಾಸಿಗೆ ಬಂದು ಕಣ್ಣು ಕೆಂಪಗೆ ಮಾಡಿಕೊಂಡು ಸುಮ್ಮನೆ ಕೂತಳು. ಹತ್ತು ಪ್ರಶ್ನೆಯಲ್ಲಿ ಎಂಟು ಸರಿ ಮಾಡುವ ಮಟ್ಟಕ್ಕೆ ಬಂದಿದ್ದಳು.

ಕಾರ್ಖಾನೆಗೆ ರಜೆ ಹಾಕಿ ಗುಬ್ಬಿಗೆ ಹೋದೆ. ಒಂದು ಚೀಟಿಯಲ್ಲಿ ನಾಲ್ಕು ವಾದಗಳನ್ನು ಬಲದ ಕ್ರಮದಲ್ಲಿ ಬರೆದುಕೊಂಡಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಕೂಗಿ ಕೂಗಿ ಕುತ್ತಿಗೆಯ ನರ ದಪ್ಪವಾದ ಮನುಷ್ಯ ಸಿಕ್ಕಿದರು. ಮಗಳ ಮೇಷ್ಟ್ರು ಅಂದ ಕೂಡಲೇ ಟೀ ತರಿಸಿದರು. ಕೂರಲು ತಾವು ಕೂತಿದ್ದ ಡಬ್ಬವನ್ನೇ ಬಿಟ್ಟುಕೊಟ್ಟರು. ನಾನು ಮೊದಲನೇ ವಾದ ಹೇಳಿದೆ: ಹೆಣ್ಣನ್ನು ಯಾವತ್ತಾದರೂ ನೋಡಬಹುದು, ಪರೀಕ್ಷೆ ಒಂದೇ ದಿನ.

ಅವರು ಟೀ ಮುಗಿಸಿ ಲೋಟ ಇಟ್ಟರು. "ಮೇಷ್ಟ್ರೇ, ಇಪ್ಪತ್ತು ವರ್ಷದಿಂದ ರೈಲಿಗೋಗೋ ಜನಾನ ಎಳ್ಕಂಬಂದು ಬಸ್ಸಿಗೆ ಹತ್ತಿಸ್ತಾ ಇವ್ನಿ. ಈಗ ನನ್ ಮಗಳೇ ಅಲ್ ಕೂತ್ಕಂಡು ರೈಲಿಗೆ ಟಿಕೇಟ್ ಕೊಟ್ರೆ, ನಾನು ಈ ಸ್ಟ್ಯಾಂಡಲ್ಲಿ ಯಾವ ಮುಖ ಇಟ್ಕಂಡು ಕೂಗ್ಲಿ ಹೇಳಿ?"

ನಾನು ಕಂಗಾಲಾದೆ. ಇಂಥ ವಾದ ಯಾವ ಪುಸ್ತಕದಲ್ಲೂ ಇರಲಿಲ್ಲ. ಬಲವೋ ಬಲಹೀನವೋ ಅಂತ ಲೆಕ್ಕ ಹಾಕುತ್ತಾ ಎರಡನೇ ವಾದಕ್ಕೆ ಚೀಟಿ ತೆಗೆಯುವಷ್ಟರಲ್ಲಿ ಒಂದು ಬಸ್ಸು ಬಂತು. ಅವರು ನನ್ನ ತೋಳು ಹಿಡಿದು ಎಬ್ಬಿಸಿದರು. ನೀವು ಹೇಳುವುದೆಲ್ಲ ಸರಿಯಾಗಿಯೇ ಇದೆ, ಆದರೆ ಈ ಗಾಡಿ ಬಿಟ್ಟರೆ ತುಮಕೂರಿಗೆ ಇನ್ನು ಒಂದೂವರೆ ಗಂಟೆ ಗಾಡಿಯಿಲ್ಲ, ಬಿಸಿಲಲ್ಲಿ ಕಾಯುತ್ತೀರೋ ಹತ್ತುತ್ತೀರೋ, ಕಿಟಕಿ ಪಕ್ಕ ಸೀಟು ಬೇರೆ ಇದೆ ಅಂದರು. ನಾನು ಥ್ಯಾಂಕ್ಸ್ ಹೇಳಿ ಹತ್ತಿದೆ. ಅವರು ಬಸ್ಸಿನ ಮೈ ತಟ್ಟಿ ರೈಟ್ ಅಂದರು.

ಮಲ್ಲಸಂದ್ರ ಬರುವಷ್ಟರಲ್ಲಿ ಹಿಂದಿನಿಂದ ಎರಡು ಬಸ್ಸುಗಳು ನಮ್ಮನ್ನು ದಾಟಿಕೊಂಡು ಹೋದವು, ಎರಡೂ ಅರ್ಧ ಖಾಲಿ. ಕಂಡಕ್ಟರನ್ನು ಕೇಳಿದೆ. ಹತ್ತು ನಿಮಿಷಕ್ಕೊಂದು ಗಾಡಿ ಇದೆಯಲ್ಲ ಸಾರ್ ಅಂದ. ನನ್ನ ಜೇಬಿನಲ್ಲಿ ಇನ್ನೂ ಮೂರು ವಾದ ಹಾಗೇ ಇದ್ದವು. ಇರುವುದು ಎರಡೇ ದಾರಿ ಅಂತ ಹೆದರಿಸುವ ವಿಧಾನದ ಬಗ್ಗೆ ಹಿಂದಿನ ಸಂಜೆಯೇ ಒಂದು ಗಂಟೆ ಪಾಠ ಮಾಡಿದ್ದವನು ನಾನು.

ಅವರು ಹೇಳಿದ್ದರಲ್ಲಿ ಕಿಟಕಿ ಪಕ್ಕದ ಸೀಟೊಂದು ನಿಜವಾಗಿತ್ತು.

೬. ಉಪ್ಪಿಟ್ಟಿನ ಭಾನುವಾರ

ಪರೀಕ್ಷೆಗೆ ಎರಡು ದಿನ ಇರುವಾಗ ನನ್ನ ಹೆಂಡತಿ ಎರಡು ಕೇಜಿ ಬನ್ಸಿ ರವೆ ತರಿಸಿದಳು. ಯಾಕೆ ಅಂತ ಕೇಳಿದೆ. ಭಾನುವಾರ ನಮ್ಮ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಅಂದಳು. ನಮಗೆ ಮಕ್ಕಳೇ ಇರಲಿಲ್ಲ. ನಾನು ಗೋಡೆ ಹಿಡಿದುಕೊಂಡೆ.

ಅದು ಗುಬ್ಬಿ ಹುಡುಗಿಯ ಕೆಲಸ. ಕುಣಿಗಲ್‌ನವರು ಹೇಗೂ ತುಮಕೂರಿಗೆ ಬಂದೇ ಬಸ್ಸು ಬದಲಾಯಿಸಬೇಕು, ಬಟವಾಡಿಯಲ್ಲಿ ಮೇಷ್ಟ್ರ ಮನೆಯಲ್ಲಾದರೆ ಈ ಭಾನುವಾರವೇ ಆಗುತ್ತದೆ, ಗುಬ್ಬಿಯಲ್ಲೇ ಆಗಬೇಕು ಅಂದರೆ ಆಷಾಢ ಕಳೆಯಬೇಕು, ಯಾವುದು ಹೇಳಪ್ಪಾ ಅಂತ ಅಪ್ಪನನ್ನು ಕೇಳಿದ್ದಾಳೆ. ದಿನಕ್ಕೆ ನೂರು ಜನಕ್ಕೆ ಎರಡೇ ದಾರಿ ತೋರಿಸುವ ಮನುಷ್ಯ, ತನಗೆ ಯಾರಾದರೂ ತೋರಿಸಬಹುದು ಅಂತ ಅಂದುಕೊಂಡೇ ಇರಲಿಲ್ಲ. ತುಮಕೂರೇ ಆಗಲಿ ಅಂದುಬಿಟ್ಟರು. ಬೆಳಗ್ಗೆ ಪರೀಕ್ಷೆ, ಮಧ್ಯಾಹ್ನ ಶಾಸ್ತ್ರ. ನಮ್ಮನ್ನು ಕೇಳಬೇಕು ಅಂತ ಮಾತ್ರ ಯಾರಿಗೂ ಅನ್ನಿಸಲಿಲ್ಲ.

ಭಾನುವಾರ ಹನ್ನೆರಡೂವರೆಗೆ ಕುಣಿಗಲ್‌ನವರು ಐದು ಜನ ಬಂದರು. ಹುಡುಗಿಯ ಅಪ್ಪ ಆಗಲೇ ಗುಬ್ಬಿಯಿಂದ ಬಂದು ಕೂತಿದ್ದರು. ಹುಡುಗ ನೆಲ ನೋಡಿಕೊಂಡು ಕೂತ. ಅವನ ಅಪ್ಪ, ಬಟ್ಟೆ ಅಂಗಡಿಯವರು, ಎಲ್ಲರ ಪರವಾಗಿ ಮಾತಾಡಿದರು. ಪರೀಕ್ಷೆ ಮುಗಿಸಿ ಓಡಿಬಂದ ಹುಡುಗಿ ಸೀರೆ ಉಟ್ಟುಕೊಂಡು ಕಾಫಿ ತಂದಳು. ಬೆರಳಿಗೆ ಇನ್ನೂ ಪೆನ್ನಿನ ಮಸಿ ಇತ್ತು. ಬಟ್ಟೆ ಅಂಗಡಿಯವರು ಆ ಮಸಿ ನೋಡಿ, ಕೆಲಸದ ಆಸೆಯನ್ನೆಲ್ಲ ಇವತ್ತಿಗೇ ಬಿಟ್ಟುಬಿಡಲಿ, ನಮ್ಮ ಮನೆಯಲ್ಲಿ ಇದುವರೆಗೆ ಯಾವ ಹೆಣ್ಣುಮಗಳೂ ಕೆಲಸಕ್ಕೆ ಹೋದದ್ದಿಲ್ಲ ಅಂದರು.

ಹುಡುಗಿ ತಟ್ಟೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. "ಇದುವರೆಗೆ ಆಗಿಲ್ಲ ಅನ್ನೋದು, ಇನ್ಮೇಲೂ ಆಗಬಾರದು ಅನ್ನೋಕೆ ಕಾರಣ ಆಗುತ್ತಾ ಸಾರ್?"

ಮನೆಯೆಲ್ಲ ನನ್ನನ್ನೇ ನೋಡಿತು. ಇನ್ನೊಂದು ಸ್ವಲ್ಪ ಉಪ್ಪಿಟ್ಟು ಹಾಕಿಸಲಾ ಅಂತ ಬಟ್ಟೆ ಅಂಗಡಿಯವರನ್ನು ಕೇಳಿದೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, ಮಗು ಕೇಳಿದ್ದಕ್ಕೆ ಉತ್ತರ ಹೇಳಿ ಅಂದಳು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಬಲಹೀನ ವಾದ ಅಂತ ನನ್ನ ತಟ್ಟೆಗೆ ಹೇಳಿದೆ.

ಬಟ್ಟೆ ಅಂಗಡಿಯವರ ಮುಖ ಕಪ್ಪಿಟ್ಟಿತು. ಅವರು ನನಗೂ ಉತ್ತರ ಕೊಡಲಿಲ್ಲ, ಹುಡುಗಿಗೂ ಕೊಡಲಿಲ್ಲ. ಅವಳ ಅಪ್ಪನ ಕಡೆ ತಿರುಗಿದರು. "ಬಸ್‌ಸ್ಟ್ಯಾಂಡಲ್ಲಿ ಅರಚೋರ ಮಗಳು. ಬಾಯಿ ಹಿಂಗಿರದೆ ಇನ್ನೆಂಗಿರ್ತದೆ ಬುಡಿ."

ಮಾತು ಬಿಟ್ಟು ಆಳನ್ನು ಹಿಡಿದುಕೊಳ್ಳುವುದನ್ನು ನಾನು ಬೋರ್ಡಿನ ಮೇಲೆ ನೂರು ಸಲ ಬರೆದಿದ್ದೆ. ಎದುರಿಗೆ ಒಬ್ಬ ಮನುಷ್ಯನ ಮುಖದ ಮೇಲೆ ಅದು ಬಿದ್ದದ್ದನ್ನು ಅವತ್ತೇ ನೋಡಿದ್ದು. ಎಂಥ ಮಾತಿಗೂ ಕೊನೆಯ ಮಾತು ಹೇಳುವ ಏಜೆಂಟರು ತಲೆ ತಗ್ಗಿಸಿ ಕೂತರು. ಮಗಳ ಕಣ್ಣಲ್ಲಿ ನೀರು ಬಂತು. ನನಗಂತೂ ಬಹಳ ಕೆಡುಕೆನಿಸಿತು.

ಆಮೇಲೆ ಅವರು ನಿಧಾನಕ್ಕೆ ಕೈಗಡಿಯಾರ ನೋಡಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು. ಅಯ್ಯೋ, ಒಂದೂವರೆ ಕುಣಿಗಲ್ ಗಾಡಿಗೆ ಹೊತ್ತಾಗಿಹೋಯಿತು ಅಂದರು. ಬಟವಾಡಿ ಸ್ಟಾಪಿಗೆ ಸಿಟಿ ಬಸ್ಸು ಈಗಲೇ ಬರುತ್ತದೆ, ಅದು ಬಿಟ್ಟರೆ ಒಂದೂವರೆ ಗಾಡಿ ಸಿಗುವುದಿಲ್ಲ, ಅದು ಸಿಗದಿದ್ದರೆ ಇನ್ನು ನಾಲ್ಕೂವರೆಗೇ, ಅದರಲ್ಲೂ ನಿಂತುಕೊಂಡೇ ಹೋಗಬೇಕು ಅಂದರು. ಹೇಳುತ್ತಾ ಹೇಳುತ್ತಾ ಹುಡುಗನ ತೋಳು ಹಿಡಿದು ಎಬ್ಬಿಸಿದ್ದರು. ಎರಡು ನಿಮಿಷದಲ್ಲಿ ಕುಣಿಗಲ್‌ನ ಐದೂ ಜನ ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದಿದ್ದರು. ಬಟ್ಟೆ ಅಂಗಡಿಯವರ ಬಾಯಲ್ಲಿ ಇನ್ನೂ ಉಪ್ಪಿಟ್ಟಿತ್ತು. ನಾವೂ ಹಿಂದೆಯೇ ಓಡಿದೆವು. ಏಜೆಂಟರು ರಸ್ತೆಗೆ ಅಡ್ಡ ನಿಂತು ಸಿಟಿ ಬಸ್ಸು ನಿಲ್ಲಿಸಿ, ಎಲ್ಲರನ್ನೂ ಒಳಗೆ ತುಂಬಿ, ಬಸ್ಸಿನ ಮೈ ತಟ್ಟಿ ರೈಟ್ ಅಂದರು.

ನಾಲ್ಕೂವರೆವರೆಗೆ ನಿಜವಾಗಿಯೂ ಗಾಡಿಯಿಲ್ಲವಾ ಅಂತ ಕೇಳಿದೆ. ಅರ್ಧ ಗಂಟೆಗೊಂದು ಇದೆ ಅಂದರು.

ಅವರು ಮಗಳ ಕಡೆ ತಿರುಗಿ, ಪರೀಕ್ಷೆ ಹೇಗಾಯಿತವ್ವ ಅಂತ ಕೇಳಿದರು. ಮೂರು ಪರೀಕ್ಷೆಯಲ್ಲಿ ಅದೇ ಮೊದಲ ಸಲ ಕೇಳಿದ್ದಂತೆ. ಅವಳು ಮೂಗೊರೆಸಿಕೊಂಡು, ವಾದದ್ದು ಎಂಟು ಪ್ರಶ್ನೆ ಬಂದಿತ್ತಪ್ಪ, ಒಂದರಲ್ಲೂ ಕೊನೆಗೆ ಮಾತಾಡಿದವರು ಗೆದ್ದಿರಲಿಲ್ಲ ಅಂದಳು.

ಏಜೆಂಟರು ಸ್ವಲ್ಪ ಯೋಚನೆ ಮಾಡಿದರು. "ಅವ್ರಿಗೆ ಬಸ್ಸು ಸಿಕ್ಕಿರಲ್ಲ ಬುಡವ್ವ."

೭. ರೈಲು ಲೇಟು

ಹುಡುಗಿ ಪಾಸಾದಳು. ನಮ್ಮ ಕಡೆಯದೇ ಒಂದು ಸಣ್ಣ ಸ್ಟೇಷನ್ನಿನಲ್ಲಿ ಟಿಕೆಟ್ ಕೌಂಟರಿಗೆ ಸೇರಿದಳು. ಮುಂದೆ ಅವಳಿಗೆ ಒಪ್ಪಿಗೆಯಾದ ಕಡೆ ಮದುವೆಯೂ ಆಯಿತು. ಬಸ್‌ಸ್ಟ್ಯಾಂಡಿನಲ್ಲಿ ತಲೆಯೆತ್ತಿ ಕೂಗುವುದು ಹೇಗೆ ಅಂತ ಅವಳ ಅಪ್ಪ ಕೇಳಿದ್ದು ನನ್ನ ಮನಸ್ಸಿನಲ್ಲೇ ಉಳಿದಿತ್ತು. ಪಾಪ, ಆ ಮನುಷ್ಯನ ಕಸುಬಿಗೆ ಕಲ್ಲು ಹಾಕಿದೆನೋ ಅಂತ ಒಮ್ಮೊಮ್ಮೆ ಕಸಿವಿಸಿಯಾಗುತ್ತಿತ್ತು.

ನಾಲ್ಕೈದು ವರ್ಷವಾದ ಮೇಲೆ ಒಂದು ಗೃಹಪ್ರವೇಶಕ್ಕೆ ಗುಬ್ಬಿಗೆ ಹೋಗಿದ್ದೆ. ಮಧ್ಯಾಹ್ನದ ರೈಲಿಗೆ ವಾಪಸು ಹೋಗೋಣ ಅಂತ ಸ್ಟೇಷನ್ನಿನ ಕಡೆ ಹೊರಟವನು ಬಸ್‌ಸ್ಟ್ಯಾಂಡಿನ ಮುಂದೆ ಹಾದುಹೋಗಬೇಕಾಯಿತು. ಏಜೆಂಟರು ಅಲ್ಲೇ ಇದ್ದರು. ಗಂಟಲು ಇನ್ನೂ ಕಂಚಿನ ಹಾಗಿತ್ತು. ನನ್ನನ್ನು ನೋಡಿ ಕೈ ಮುಗಿದು, ಎಲ್ಲಿಗೆ ಮೇಷ್ಟ್ರೇ, ರೈಲಿಗಾ, ರೈಲು ಇವತ್ತು ಎರಡು ಗಂಟೆ ಲೇಟು, ಈ ಗಾಡಿ ಹತ್ತಿ ಅಂದರು.

ಈ ಸಲ ನಾನು ಮೋಸ ಹೋಗುವ ಪೈಕಿ ಆಗಿರಲಿಲ್ಲ. ನಿಂತಲ್ಲೇ ನಿಂತು, ಲೇಟು ಅನ್ನುವುದಕ್ಕೆ ಆಧಾರ ಏನು ಅಂತ ಕೇಳಿದೆ.

ಅವರು ಜೇಬಿನಿಂದ ಒಂದು ಮೊಬೈಲ್ ತೆಗೆದು, ಸ್ಟ್ಯಾಂಡಿನವರಿಗೆಲ್ಲ ಕಾಣುವ ಹಾಗೆ ಎತ್ತಿ ಹಿಡಿದರು. "ನನ್ ಮಗಳು ಹೇಳವ್ಳೆ. ರೈಲ್ವೇಲೇ ಇರೋದು ಅವಳು."

ನಾನು ಹತ್ತಿದೆ. ಏನು ಮಾಡಲಿ, ನನ್ನ ಕೈಯಲ್ಲೇ ಕಲಿತ ಹುಡುಗಿ. ನನ್ನ ಹಿಂದೆಯೇ ಸ್ಟೇಷನ್ನಿಗೆ ಹೊರಟಿದ್ದ ಏಳೆಂಟು ಜನ ಗಂಟು ಮೂಟೆ ಸಮೇತ ಹತ್ತಿದರು. ಬಸ್ಸು ಭರ್ತಿಯಾಯಿತು. ಅವರು ಮೈ ತಟ್ಟಿ ರೈಟ್ ಅಂದರು.

ಊರು ಬಿಟ್ಟು ಸ್ವಲ್ಪ ದೂರ ಹೋಗಿದ್ದೆವು. ಹೊಲದಾಚೆ ಹಳಿ ಕಾಣುವ ಒಂದು ಕಡೆ ಬಸ್ಸು ಯಾರನ್ನೋ ಇಳಿಸಲು ನಿಂತಿತು. ಆಗ ರೈಲು ಬಂತು. ಗಡಿಯಾರ ನೋಡಿಕೊಂಡೆ, ಒಂದು ನಿಮಿಷವೂ ಹೆಚ್ಚುಕಮ್ಮಿ ಇರಲಿಲ್ಲ. ಖಾಲಿ ಬೋಗಿಗಳು ಒಂದೊಂದಾಗಿ ನಮ್ಮ ಕಣ್ಣ ಮುಂದೆಯೇ ಹಾದುಹೋದವು. ಬಸ್ಸಿನ ಅಷ್ಟೂ ಜನ ಕಿಟಕಿಯಿಂದ ಅದನ್ನು ನೋಡಿದರು. ನಾನು ಪಕ್ಕದಲ್ಲಿ ಕೂತಿದ್ದ ಮುದುಕರಿಗೆ, ನೋಡಿದಿರಾ, ರೈಲು ಟೈಮಿಗೆ ಸರಿಯಾಗಿಯೇ ಬಂದಿದೆ ಅಂತ ತೋರಿಸಿದೆ.

ಮುದುಕರು ರೈಲನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೆ ನನ್ನ ಮೇಲೆ ಸ್ವಲ್ಪ ಬೇಸರವಾದ ಹಾಗಿತ್ತು.

"ಆ ರೈಲಿಗೇನ್ ಗೊತ್ತು ಬುಡಿ ಸ್ವಾಮಿ. ಅವ್ರ ಮಗಳೇ ಹೇಳವ್ಳಲ್ಲ."